ಹತ್ತು ವರ್ಷದ ಕೈ, ಮೊದಲ ವರ್ಷದ ಬೆಂಚು

ವೀಕ್ಷಕರೇ, ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಮೇ 12, ದಾದಿಯರ ದಿನ. ಅವತ್ತು ರಾತ್ರಿ ಬುಲೆಟಿನ್ ಮುಗಿಸುವಾಗ ಒಂದು ಮಾತು ಹೇಳಿದ್ದೆ. "ಬಿಳಿ ಬಟ್ಟೆ ಹಾಕಿದ ಪ್ರತಿಯೊಬ್ಬ ಸಿಸ್ಟರ್ ಕೂಡ ಒಂದೇ, ಅವರೆಲ್ಲರಿಗೂ ನಮ್ಮ ಸಲಾಂ" ಅಂತ. ಸ್ಟುಡಿಯೋದಲ್ಲಿ ಎಲ್ಲರೂ ಚೆನ್ನಾಗಿತ್ತು ಅಂದ್ರು. ನಾನೂ ಹಾಗೇ ಅಂದುಕೊಂಡು ಹುಳಿಮಾವಿನ ಮನೆಗೆ ಬಂದು ಮಲಗಿದೆ.

ಬೆಳಗ್ಗೆ ಎಂಟೂವರೆ. ನೈಟ್ ಡ್ಯೂಟಿ ಮುಗಿಸಿ ಬರ್ತಿದ್ದ ನಮ್ಮ ಮೇಲಿನ ಮನೆಯ ಸಿಸ್ಟರ್ ಮೆಟ್ಟಿಲ ಹತ್ತಿರ ಸಿಕ್ಕರು. ಬನ್ನೇರುಘಟ್ಟ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಕೆಲಸ. ಹಾವೇರಿ ಕಡೆಯವರು. ಗಂಡ ಕ್ಯಾಬ್ ಓಡಿಸ್ತಾರೆ, ಒಬ್ಬಳು ಮಗಳು, ಎರಡನೇ ಕ್ಲಾಸು. ನಮ್ಮಮ್ಮನಿಗೆ ಬಿಪಿ ನೋಡೋದು, ಮಾತ್ರೆ ನೆನಪಿಸೋದು ಎಲ್ಲ ಅವರೇ. ನಿಂತು ಹೇಳಿದ್ರು: "ಅಣ್ಣಾರ, ನಿನ್ನೆ ಟಿವ್ಯಾಗ ನರ್ಸ್ ಎಲ್ಲಾ ಒಂದ ಅಂದ್ರಲ್ಲ, ಹಂಗಿಲ್ರಿ ಅದು. ಒಂದ ಆಗಿದ್ರ ನಾನ್ಯಾಕ ಮೂವತ್ತೊಂದನೇ ವಯಸ್ಸಿನ್ಯಾಗ ಮತ್ತ ಫಸ್ಟ್ ಇಯರ್ ಸೇರಾಕ ಹೊಂಟೀನಿ?"

ಹತ್ತು ವರ್ಷ ಕೆಲಸ ಮಾಡಿದವರು ಮೊದಲನೇ ವರ್ಷಕ್ಕಾ? ನನಗೆ ಅರ್ಥ ಆಗಲಿಲ್ಲ. ನಿಮಗೂ ಆಗಿರಲ್ಲ. ಆಸ್ಪತ್ರೆಯಲ್ಲಿ ನಾವು ಡಾಕ್ಟರ ಬೋರ್ಡಿನಲ್ಲಿ ಎಂಬಿಬಿಎಸ್, ಎಂಡಿ, ಡಿಎಂ ಎಲ್ಲ ಓದ್ತೀವಿ. ಸಿಸ್ಟರ್ ಏನು ಓದಿದ್ದಾರೆ ಅಂತ ಯಾವತ್ತಾದ್ರೂ ಕೇಳಿದ್ದೀವಾ? ಇಲ್ಲ. ಆದರೆ ರಾತ್ರಿ ಎರಡು ಗಂಟೆಗೆ ನಮ್ಮ ಹಾಸಿಗೆ ಪಕ್ಕ ಇರೋದು ಅವರೇ.

ಹಾಗಾಗಿ ಮೊದಲು ಈ ಏಣಿಯ ಮೆಟ್ಟಿಲುಗಳನ್ನ ನೋಡೋಣ.

ಕೆಳಗಿನ ಮೆಟ್ಟಿಲು ಎಎನ್‌ಎಂ. ಪೂರ್ತಿ ಹೆಸರು ಆಕ್ಸಿಲರಿ ನರ್ಸ್ ಮಿಡ್‌ವೈಫ್. ಪಿಯುಸಿ ಆದಮೇಲೆ 2 ವರ್ಷದ ಕೋರ್ಸು, ಹೆಣ್ಣುಮಕ್ಕಳಿಗೆ ಮಾತ್ರ. ಆರ್ಟ್ಸ್ ಓದಿದವರೂ ಸೇರಬಹುದು. ಎರಡನೇ ಮೆಟ್ಟಿಲು ಜಿಎನ್‌ಎಂ, ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ. ಇದು 3 ವರ್ಷದ ಡಿಪ್ಲೊಮಾ. ಮೂರನೆಯದು ಬಿಎಸ್ಸಿ ನರ್ಸಿಂಗ್, 4 ವರ್ಷ, ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಲೇಬೇಕು. ಕರ್ನಾಟಕದಲ್ಲಿ ಈ ಪದವಿ ಕೊಡೋದು ಮುಖ್ಯವಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. 1996ರಲ್ಲಿ ಶುರುವಾದದ್ದು, ನಮ್ಮ ಜಯನಗರ 4ನೇ ಟಿ ಬ್ಲಾಕಿನಲ್ಲೇ ಇದೆ.

ಓದಿದ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಇಲ್ಲೇ ಇರೋದು ವಿಷಯ. ಜಿಎನ್‌ಎಂ ಮತ್ತು ಬಿಎಸ್ಸಿ ಮಾಡಿದವರ ಹೆಸರು ರಿಜಿಸ್ಟರ್ಡ್ ನರ್ಸ್, ರಿಜಿಸ್ಟರ್ಡ್ ಮಿಡ್‌ವೈಫ್ ಅಂತ ಒಂದು ಪಟ್ಟಿಗೆ ಹೋಗುತ್ತೆ. ವಾರ್ಡಿನ ಭಾಷೆಯಲ್ಲಿ ಆರ್‌ಎನ್‌ಆರ್‌ಎಂ. ಎಎನ್‌ಎಂ ಮಾಡಿದವರ ಹೆಸರು ಬೇರೆ ಪಟ್ಟಿಗೆ. ಅವರೂ ನೋಂದಾಯಿತರೇ, ಆದರೆ ಕಾನೂನಿನ ಲೆಕ್ಕದಲ್ಲಿ ಅವರು ಸಹಾಯಕ ನರ್ಸ್. ನಮ್ಮ ಮೇಲಿನ ಮನೆಯ ಸಿಸ್ಟರ್ ಇರೋದು ಈ ಎರಡನೇ ಪಟ್ಟಿಯಲ್ಲಿ.

ಈ ಎರಡು ಪಟ್ಟಿ ಯಾಕೆ ಬಂತು? ಸ್ವಲ್ಪ ಹಿಂದಕ್ಕೆ ಹೋಗೋಣ. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ದೇಶದಲ್ಲಿ ನರ್ಸ್‌ಗಳ ಕೊರತೆ ಭಯಂಕರವಾಗಿತ್ತು. ಅದೇ 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಶುರುವಾಯ್ತು. ಆದರೆ ಪದವೀಧರರು ತಯಾರಾಗೋವರೆಗೂ ಹಳ್ಳಿಯ ಬಾಣಂತಿ ಕಾಯ್ತಾಳಾ? ಹಾಗಾಗಿ 1950ರ ದಶಕದಲ್ಲಿ ಎಎನ್‌ಎಂ ತರಬೇತಿ ಬಂತು. ಕಡಿಮೆ ಅವಧಿ, ಹಳ್ಳಿಗೆ ಬೇಕಾದ ಕೆಲಸ. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಈ ಎಎನ್‌ಎಂಗಳನ್ನ ಬಹೂದ್ದೇಶ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿ ಅಂತ ಹೇಳ್ತು. 1977ರಲ್ಲಿ ಕೋರ್ಸು 18 ತಿಂಗಳಿಗೆ ಇಳೀತು. ಆಮೇಲೆ ಮತ್ತೆ 2 ವರ್ಷ ಆಯ್ತು.

ನಮ್ಮ ಊರುಗಳಲ್ಲಿ ಮಗುವಿಗೆ ಪೋಲಿಯೋ ಹನಿ ಹಾಕಿದವರು, ಗರ್ಭಿಣಿಯ ತಾಯಿ ಕಾರ್ಡ್ ತುಂಬಿದವರು, ಮನೆಮನೆಗೆ ಹೋಗಿ ಜ್ವರ ಕೇಳಿದವರು ಇವರೇ. ಅವರ ಪಠ್ಯವೂ ಅದಕ್ಕೆ ತಕ್ಕ ಹಾಗೇ ಇದೆ. ಸಮುದಾಯ ಆರೋಗ್ಯ, ಲಸಿಕೆ, ಪೌಷ್ಟಿಕತೆ, ಪ್ರಥಮ ಚಿಕಿತ್ಸೆ, ಮಕ್ಕಳ ಆರೈಕೆ, ಹೆರಿಗೆ, ಆರೋಗ್ಯ ಕೇಂದ್ರದ ನಿರ್ವಹಣೆ. ಹಳ್ಳಿಯ ಉಪಕೇಂದ್ರವನ್ನ ಒಬ್ಬಳೇ ನಡೆಸೋಕೆ ಬೇಕಾದ್ದೆಲ್ಲ ಅದರಲ್ಲಿದೆ. ಐಸಿಯು ವಾರ್ಡು ಅದರಲ್ಲಿಲ್ಲ.

ಆದರೆ ಕೆಲಸ ಎಲ್ಲಿ ಸಿಗುತ್ತೆ? ಹಳ್ಳಿಯ ಸರ್ಕಾರಿ ಹುದ್ದೆ ಎಲ್ಲರಿಗೂ ಸಿಗಲ್ಲ. ಬನ್ನೇರುಘಟ್ಟ ರಸ್ತೆಯಂಥ ಕಡೆ ನೋಡಿ. ಜಯದೇವದಿಂದ ಹಿಡಿದು ಗೊಟ್ಟಿಗೆರೆವರೆಗೂ ದೊಡ್ಡ ಆಸ್ಪತ್ರೆ, ಸಣ್ಣ ನರ್ಸಿಂಗ್ ಹೋಂ, ಡಯಾಲಿಸಿಸ್ ಸೆಂಟರ್, ಮನೆಗೇ ಬರೋ ಹೋಂ ನರ್ಸ್ ಏಜೆನ್ಸಿ. ಬೆಳಗ್ಗೆ ಎಂಟರ ಹೊತ್ತಿಗೆ ಹುಳಿಮಾವು ಗೇಟ್ ಬಸ್ ಸ್ಟಾಪಿನಲ್ಲಿ ನಿಂತರೆ ಪಾಳಿ ಮುಗಿಸಿದ ಮುಖಗಳು ಒಂದು ಕಡೆ, ಪಾಳಿಗೆ ಹೊರಟ ಮುಖಗಳು ಇನ್ನೊಂದು ಕಡೆ. ಹಳ್ಳಿಗಾಗಿ ತಯಾರಾದ ಎಷ್ಟೋ ಎಎನ್‌ಎಂಗಳು ಹೀಗೆ ನಗರದ ವಾರ್ಡಿಗೆ ಬಂದಿದ್ದಾರೆ. ವಾರ್ಡಿನ ಕೆಲಸವನ್ನ ಅವರಿಗೆ ಯಾರೂ ಆಳವಾಗಿ ಪಾಠ ಮಾಡಲಿಲ್ಲ. ನೋಡಿ ಕಲಿತರು.

ನೋಡಿ ಕಲಿತರೆ ಸಾಲದಾ? ಇದನ್ನ ಸಿಸ್ಟರ್‌ಗೇ ಕೇಳಿದೆ. ಆಗ ಅವರು ಹೇಳಿದ ಒಂದು ರಾತ್ರಿಯ ಕಥೆ ಕೇಳಿ.

ಐದಾರು ವರ್ಷದ ಹಿಂದೆ, ಬೇರೆ ಒಂದು ನರ್ಸಿಂಗ್ ಹೋಂ. ಹೆಸರು ಬೇಡ. ರಾತ್ರಿ ಡ್ಯೂಟಿ, ರೋಗಿಗಳು ಜಾಸ್ತಿ, ಕೈಗಳು ಕಡಿಮೆ. ವಾಂತಿ ಭೇದಿಯಿಂದ ಸುಸ್ತಾದ ಒಬ್ಬ ಹೆಂಗಸಿಗೆ ಕೆಸಿಎಲ್, ಅಂದರೆ ಪೊಟ್ಯಾಷಿಯಂ ಕ್ಲೋರೈಡ್ ಬರೆದಿದ್ದರು. ಇವರು ಆಂಪ್ಯೂಲ್ ಒಡೆದು ಸಿರಿಂಜಿಗೆ ಎಳೆದುಕೊಂಡು ನೇರವಾಗಿ ಕ್ಯಾನುಲಾ ಹತ್ತಿರ ಹೋಗಿದ್ದಾರೆ. "ನಿಧಾನಕ್ಕ ಕೊಡಬೇಕು ಅಂತಷ್ಟ ಗೊತ್ತಿತ್ರಿ. ನಿಧಾನಕ್ಕ ಕೊಟ್ರಾತು ಅಂದ್ಕೊಂಡಿದ್ದೆ." ಹಿಂದಿನಿಂದ ಬಂದ ಸೀನಿಯರ್ ಸಿಸ್ಟರ್ ಒಂದೂ ಮಾತಾಡದೆ ಅವರ ಮುಂಗೈ ಹಿಡಿದುಬಿಟ್ಟರು.

ವಿಷಯ ಏನು ಗೊತ್ತಾ? ಆ ಔಷಧಿಯನ್ನ ದೊಡ್ಡ ಡ್ರಿಪ್‌ನಲ್ಲಿ ಬೆರೆಸಿ ಗಂಟೆಗಟ್ಟಲೆ ಹನಿಹನಿಯಾಗಿ ಕೊಡಬೇಕು. ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಂತುಹೋಗಬಹುದು. ಹೃದಯ ಬಡಿಯೋದು ಜೀವಕೋಶದ ಒಳಗೂ ಹೊರಗೂ ಇರೋ ಪೊಟ್ಯಾಷಿಯಂ, ಸೋಡಿಯಂಗಳ ಅಂತರದ ಮೇಲೆ. ಹೊರಗಿನ ಪೊಟ್ಯಾಷಿಯಂ ಒಮ್ಮೆಗೇ ಏರಿದರೆ ಆ ಲಯವೇ ಕೆಡುತ್ತೆ. ಇಷ್ಟು ಗೊತ್ತಿದ್ದವರು ಆ ಸಿರಿಂಜ್ ಹಿಡಿದು ಕ್ಯಾನುಲಾ ಕಡೆ ಹೋಗೋದೇ ಇಲ್ಲ.

"ಅವತ್ತಿನಿಂದ ನನಗ ಒಂದ ಚಿಂತಿ ಅಣ್ಣಾರ. ಕೈ ಎಲ್ಲಾ ಕಲ್ತೈತಿ, ಯಾಕ ಅನ್ನೂದು ಕಲ್ತಿಲ್ಲ" ಅಂದ್ರು. ಸಂಬಳದ ಮಾತು ಬಂದದ್ದು ಆಮೇಲೆ. ಅದೂ ಸಣ್ಣ ಮಾತಲ್ಲ. ಅದೇ ವಾರ್ಡು, ಅದೇ ಪಾಳಿ, ಪಕ್ಕದಲ್ಲಿ ನಿಂತ ಜಿಎನ್‌ಎಂ ಹುಡುಗಿಗೆ ಕೆಲಸ ಕಲಿಸಿದ್ದು ಇವರೇ, ಸಂಬಳ ಮಾತ್ರ ಆ ಹುಡುಗಿಗಿಂತ ಎಷ್ಟೋ ಕಡಿಮೆ. ಮಗಳ ಸ್ಕೂಲ್ ಫೀಸು, ಮನೆ ಬಾಡಿಗೆ ಎಲ್ಲ ಇದೆ. ಆದರೂ ಅವರು ಮೊದಲು ಹೇಳಿದ್ದು ಆ ರಾತ್ರಿಯ ಕಥೆ.

ಸರಿ, ಓದಬೇಕು ಅಂತ ಹೊರಟ ಎಎನ್‌ಎಂಗೆ ದಾರಿ ಯಾವುದು? ಬಿಎಸ್ಸಿಗೆ ನೇರ ಹೋಗೋಕೆ ಆಗಲ್ಲ, ಸಿಸ್ಟರ್ ಓದಿದ್ದು ಆರ್ಟ್ಸ್ ಪಿಯುಸಿ. ಉಳಿಯೋದು ಜಿಎನ್‌ಎಂ. ಇಲ್ಲಿ ನಿಯಮ ಒಂದು ಒಳ್ಳೇ ಕೆಲಸ ಮಾಡಿದೆ. ಜಿಎನ್‌ಎಂ ಸೇರೋಕೆ ಬೇರೆಯವರಿಗೆ 35 ವರ್ಷದ ಮಿತಿ ಇದೆ, ನೋಂದಾಯಿತ ಎಎನ್‌ಎಂಗೆ ವಯಸ್ಸಿನ ಮಿತಿಯೇ ಇಲ್ಲ. ಅಂದರೆ ನಲವತ್ತಾದರೂ ಬಾಗಿಲು ತೆರೆದಿದೆ. ಎಷ್ಟು ಜನ ಎಎನ್‌ಎಂ ಸಿಸ್ಟರ್‌ಗಳಿಗೆ ಇದು ಗೊತ್ತು? ಗೊತ್ತಿಲ್ಲದವರು ಇದೊಂದು ಸಾಲನ್ನ ನೆನಪಿಟ್ಟುಕೊಳ್ಳಿ.

ಬಾಗಿಲು ತೆರೆದಿದೆ, ಆದರೆ ಒಳಗೆ ಹೋದಮೇಲೆ ಕೂರೋದು ಮೊದಲನೇ ವರ್ಷದ ಬೆಂಚಿನಲ್ಲೇ. ಆಗಷ್ಟೇ ಪಿಯುಸಿ ಮುಗಿಸಿದ ಹದಿನೆಂಟರ ಹುಡುಗಿಯ ಪಕ್ಕ. 2 ವರ್ಷದ ಎಎನ್‌ಎಂ, 10 ವರ್ಷದ ಅನುಭವ, ಎಲ್ಲದಕ್ಕೂ ಸೊನ್ನೆ ಅಂಕ. 3 ವರ್ಷ ಪೂರ್ಣಾವಧಿ ತರಗತಿ, ಅಂದರೆ ಕೆಲಸ ಬಿಡಬೇಕು, ಇಲ್ಲಾ ರಾತ್ರಿ ಡ್ಯೂಟಿ ಮಾಡಿ ಹಗಲು ತೂಕಡಿಸಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಪುಸ್ತಕದ ಗೋಡೆ ಬೇರೆ.

ಜಿಎನ್‌ಎಂ ಮುಗಿದು ಆರ್‌ಎನ್‌ಆರ್‌ಎಂ ಸಿಕ್ಕ ಮೇಲೆ ವಿಶ್ವವಿದ್ಯಾಲಯದ ಬಾಗಿಲು. ಅಲ್ಲಿ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಅನ್ನೋ ಕೋರ್ಸಿದೆ. 2 ವರ್ಷ. ಡಿಪ್ಲೊಮಾ ನರ್ಸ್ ಪದವೀಧರೆ ಆಗೋಕೆ ಅಂತಲೇ ಮಾಡಿದ್ದು. ಕೆಲಸದಲ್ಲಿರೋ ನರ್ಸ್‌ಗಳಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ನಮ್ಮೆಲ್ಲರ ಬಾಯಲ್ಲಿ ಇಗ್ನೋ, ಇದೇ ಪದವಿಯನ್ನ ದೂರಶಿಕ್ಷಣದಲ್ಲಿ ಕನಿಷ್ಠ 3 ವರ್ಷಕ್ಕೆ ಕೊಡುತ್ತೆ. ಪ್ರಾಯೋಗಿಕ ತರಗತಿ ಮಾತ್ರ ಕಡ್ಡಾಯ. ಅಂದರೆ ಡಿಪ್ಲೊಮಾದಿಂದ ಪದವಿಗೆ ಸೇತುವೆ ಇದೆ. ಎಎನ್‌ಎಂನಿಂದ ಜಿಎನ್‌ಎಂಗೆ ಸೇತುವೆ ಇಲ್ಲ, ಹೊಳೆಗಿಳಿದು ಈಜಬೇಕು. ಲೆಕ್ಕ ಹಾಕಿ: ಎಎನ್‌ಎಂ 2, ಜಿಎನ್‌ಎಂ 3, ಪೋಸ್ಟ್ ಬೇಸಿಕ್ 2, ಒಟ್ಟು 7 ವರ್ಷ. ಸೈನ್ಸ್ ಪಿಯುಸಿ ಓದಿದ ಹುಡುಗಿ 4 ವರ್ಷಕ್ಕೆ ತಲುಪೋ ಜಾಗಕ್ಕೆ, ಕೆಳಗಿನಿಂದ ಹತ್ತಿದವಳಿಗೆ 7.

ಇಲ್ಲಿ ನನ್ನ ಇಂಜಿನಿಯರಿಂಗ್ ಕಾಲೇಜು ನೆನಪಾಗುತ್ತೆ. ನಾನು ಓದಿದ್ದು ವಿಟಿಯುನಲ್ಲಿ. ಮೂರನೇ ಸೆಮಿಸ್ಟರ್‌ಗೆ ನಮ್ಮ ಕ್ಲಾಸಿಗೆ ಏಳೆಂಟು ಜನ ಹೊಸಬರು ಬಂದು ಕೂತರು. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ನೇರವಾಗಿ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ. ಲ್ಯಾಬ್‌ನಲ್ಲಿ ನಾವು ಯಾವ ವೈರ್ ಎಲ್ಲಿಗೆ ಅಂತ ತಲೆ ಕೆರೆದುಕೊಳ್ಳೋವಾಗ ಅವರು ಸರ್ಕ್ಯೂಟ್ ಮುಗಿಸಿ ಟೀ ಕುಡಿಯೋಕೆ ಹೋಗಿರ್ತಿದ್ದರು. ಗಣಿತದಲ್ಲಿ ಮಾತ್ರ ಹಿಂದೆ. ವಿಶ್ವವಿದ್ಯಾಲಯ ಏನು ಮಾಡ್ತು? ಒಂದು ವರ್ಷ ಬಿಟ್ಟುಕೊಟ್ಟಿತು, ಆದರೆ ನಮಗಿಲ್ಲದ ಒಂದೊಂದು ಹೆಚ್ಚುವರಿ ಗಣಿತ ಪೇಪರ್ ಅವರಿಗೆ ಇಟ್ಟಿತು. ಗೊತ್ತಿರೋದನ್ನ ಮತ್ತೆ ಕಲಿಸಲಿಲ್ಲ, ಗೊತ್ತಿಲ್ಲದ್ದನ್ನ ಬಿಡಲೂ ಇಲ್ಲ. ಸೇತುವೆ ಅಂದ್ರೆ ಇದು.

ಇಂಜಿನಿಯರಿಂಗ್‌ಗೆ ಸಾಧ್ಯವಾದದ್ದು ನರ್ಸಿಂಗ್‌ಗೆ ಯಾಕೆ ಆಗಬಾರದು?

ಬೇರೆ ದೇಶಗಳಲ್ಲಿ ನೋಡಿ. ಅಮೆರಿಕದಲ್ಲಿ ನಮ್ಮ ಎಎನ್‌ಎಂಗೆ ಸ್ವಲ್ಪ ಹತ್ತಿರದ ಹುದ್ದೆ ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್. ಸುಮಾರು ಒಂದು ವರ್ಷದ ಓದು, ಪ್ರತ್ಯೇಕ ಲೈಸೆನ್ಸ್ ಪರೀಕ್ಷೆ. ಅವರು ರಿಜಿಸ್ಟರ್ಡ್ ನರ್ಸ್ ಆಗಬೇಕು ಅಂದರೆ ಅದಕ್ಕಂತಲೇ ಬ್ರಿಡ್ಜ್ ಕೋರ್ಸುಗಳಿವೆ. ಹಿಂದೆ ಓದಿದ್ದಕ್ಕೆ ಕ್ರೆಡಿಟ್ ಸಿಗುತ್ತೆ, ಅವಧಿ ಕಡಿಮೆ ಆಗುತ್ತೆ. ಆದರೆ ಕೊನೆಗೆ ಬರೆಯೋ ಪರೀಕ್ಷೆ ಒಂದೇ, ಎನ್‌ಕ್ಲೆಕ್ಸ್ ಆರ್‌ಎನ್. ಸೇತುವೆ ಮೇಲೆ ಬಂದವರಿಗೆ ಸುಲಭದ ಪ್ರಶ್ನೆಪತ್ರಿಕೆ ಇಲ್ಲ. ಅಮೆರಿಕಕ್ಕೆ ಹೋಗೋ ನಮ್ಮ ನರ್ಸ್‌ಗಳು ಬೆಂಗಳೂರಿನಲ್ಲೇ ಕೂತು ಬರೆಯೋದೂ ಇದೇ ಪರೀಕ್ಷೆ.

ಬ್ರಿಟನ್ನಿನಲ್ಲಿ 1943ರ ಕಾನೂನು ಎನ್ರೋಲ್ಡ್ ನರ್ಸ್ ಅನ್ನೋ ಎರಡನೇ ದರ್ಜೆ ಮಾಡ್ತು. ಯುದ್ಧದ ಕಾಲ, ಕೈಗಳು ಬೇಕಿತ್ತು. ಆಮೇಲೆ ಕೆರಿಬಿಯನ್ ದ್ವೀಪಗಳಿಂದ ಬಂದ ಎಷ್ಟೋ ಹೆಣ್ಣುಮಕ್ಕಳನ್ನ ಇದೇ ದರ್ಜೆಗೆ ತಳ್ಳಿದರು. ಬಡ್ತಿ ಇಲ್ಲ, ದುಡಿಮೆ ಅಷ್ಟೇ. ಕೊನೆಗೆ ಆ ತರಬೇತಿಯನ್ನೇ ನಿಲ್ಲಿಸಿದರು. ಆಗಲೇ ಕೆಲಸದಲ್ಲಿದ್ದವರಿಗೆ ಪರಿವರ್ತನಾ ಕೋರ್ಸು ಕೊಟ್ಟು ಮೊದಲ ದರ್ಜೆಗೆ ಬರೋ ದಾರಿ ಮಾಡಿದರು.

ವಿದೇಶದ ಮಾತು ಯಾಕೆ, ನಮ್ಮ ಸರ್ಕಾರವೇ ಸೇತುವೆ ಕಟ್ಟಿದೆ. 2018ರಲ್ಲಿ ಆಯುಷ್ಮಾನ್ ಭಾರತ್ ಅಡಿ ಉಪಕೇಂದ್ರಗಳನ್ನ ಮೇಲ್ದರ್ಜೆಗೆ ಏರಿಸಿದಾಗ ಸಮುದಾಯ ಆರೋಗ್ಯ ಅಧಿಕಾರಿ ಅನ್ನೋ ಹುದ್ದೆ ಬಂತು. ಜಿಎನ್‌ಎಂ, ಬಿಎಸ್ಸಿ ನರ್ಸ್‌ಗಳನ್ನ, ಆಯುರ್ವೇದ ವೈದ್ಯರನ್ನ ಅದಕ್ಕೆ ತಯಾರು ಮಾಡೋಕೆ 6 ತಿಂಗಳ ಸಮುದಾಯ ಆರೋಗ್ಯದ ಬ್ರಿಡ್ಜ್ ಕೋರ್ಸ್ ಮಾಡಿದರು. ಸಮುದಾಯ ಆರೋಗ್ಯ! ಅದೇ ಉಪಕೇಂದ್ರದಲ್ಲಿ ಇಪ್ಪತ್ತು ವರ್ಷ ಅದನ್ನೇ ಮಾಡಿದ ಎಎನ್‌ಎಂ ಮಾತ್ರ ಆ ಹುದ್ದೆಗೆ ಅರ್ಹಳಲ್ಲ. ಹೊಸದಾಗಿ ಬಂದ ಅಧಿಕಾರಿಗೆ ಊರಿನ ಓಣಿ ತೋರಿಸೋದು ಅವಳ ಕೆಲಸ.

ಈಗ ಎದುರು ವಾದ. ಒಬ್ಬ ಹಿರಿಯ ನರ್ಸಿಂಗ್ ಅಧ್ಯಾಪಕಿ ನನಗೆ ಹೇಳಿದ್ರು, "ನೀವು ಟಿವಿಯವರು ಸುಲಭವಾಗಿ ರಿಯಾಯಿತಿ ಕೇಳ್ತೀರ. ನಾಳೆ ಅದೇ ನರ್ಸ್ ತಪ್ಪು ಮಾಡಿದರೆ ಬ್ರೇಕಿಂಗ್ ನ್ಯೂಸ್ ಹಾಕೋರೂ ನೀವೇ." ನಿಜ, ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅನುಭವ ಇದೆ ಅಂತ ಸುಮ್ಮನೆ ಸರ್ಟಿಫಿಕೇಟ್ ಕೊಟ್ಟರೆ ಆ ಕೆಸಿಎಲ್ ಸಿರಿಂಜ್ ಮತ್ತೆ ಕ್ಯಾನುಲಾ ಹತ್ತಿರ ಹೋಗುತ್ತೆ, ಹಿಂದಿನಿಂದ ಕೈ ಹಿಡಿಯೋರು ಇರಲ್ಲ.

ಹಾಗಾಗಿ ನಾನು ಕೇಳ್ತಿರೋದು ರಿಯಾಯಿತಿ ಅಲ್ಲ. ಎಎನ್‌ಎಂ ಕಲಿತು ಬಂದಿರೋ ಸಮುದಾಯ ಆರೋಗ್ಯ, ಲಸಿಕೆ, ಪ್ರಥಮ ಚಿಕಿತ್ಸೆ, ಸಹಜ ಹೆರಿಗೆ, ಇವನ್ನ ಒಂದು ಪರೀಕ್ಷೆ ಇಟ್ಟು ಅಳೆಯಿರಿ. ಪಾಸಾದರೆ ಅಷ್ಟು ಅವಧಿ ಬಿಟ್ಟುಕೊಡಿ. ಅವರು ಆಳವಾಗಿ ಓದದೇ ಇರೋದನ್ನ, ಅಂದರೆ ಅಂಗರಚನೆ, ಶರೀರಕ್ರಿಯೆ, ಔಷಧಶಾಸ್ತ್ರ, ಮೆಡಿಕಲ್ ಸರ್ಜಿಕಲ್ ನರ್ಸಿಂಗ್, ಇದನ್ನ ಎಲ್ಲರಿಗಿಂತ ಗಟ್ಟಿಯಾಗಿ ಕಲಿಸಿ. ಕೊನೆಯ ಪರೀಕ್ಷೆ ಎಲ್ಲರಿಗೂ ಒಂದೇ ಇರಲಿ. ಮೊದಲ ಕೆಲವು ತಿಂಗಳು ಕನ್ನಡದಲ್ಲಿ ವಿವರಿಸಿ ಇಂಗ್ಲಿಷ್‌ಗೆ ದಾಟಿಸಿ. ಓದೋ ಅವಧಿಗೆ ಸ್ಟೈಪೆಂಡ್ ಕೊಡಿ. 1947ರ ಹಳೇ ನರ್ಸಿಂಗ್ ಕೌನ್ಸಿಲ್ ಕಾನೂನಿನ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ತಂದಿದೆ. ಶಿಕ್ಷಣದ ಗುಣಮಟ್ಟ ನಿರ್ಧರಿಸೋ ಅಧಿಕಾರ ಆ ಆಯೋಗದ್ದು. ಈ ಸೇತುವೆಯನ್ನ ಅಲ್ಲೇ ಕಟ್ಟಬೇಕು.

ಸೇತುವೆ ಇಲ್ಲದ ಕಡೆ ಏನಾಗುತ್ತೆ ಗೊತ್ತಾ? ಕಳ್ಳ ದೋಣಿ ಓಡುತ್ತೆ. "ಕ್ಲಾಸಿಗೆ ಬರೋದು ಬೇಡ, ಫೀಸ್ ಕಟ್ಟಿ, ಪರೀಕ್ಷೆಗೆ ಬನ್ನಿ ಸಾಕು" ಅನ್ನೋ ಏಜೆಂಟರು. ನಮ್ಮ ಸಿಸ್ಟರ್‌ಗೂ ಇಂಥ ಫೋನ್ ಬಂದಿತ್ತು. "ಅದನ್ನ ಮಾಡಿದ್ರ ಸರ್ಟಿಫಿಕೇಟ್ ಬರತೈತಿ ಅಣ್ಣಾರ, ಯಾಕ ಅನ್ನೂದು ಬರಂಗಿಲ್ಲ" ಅಂತ ಫೋನ್ ಇಟ್ಟರಂತೆ. ಓದಬೇಕು ಅಂತಿರೋ ಸಿಸ್ಟರ್‌ಗಳೇ, ಹಣ ಕಟ್ಟೋ ಮೊದಲು ಆ ಕಾಲೇಜು ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಪಟ್ಟಿಯಲ್ಲಿ ಇದೆಯಾ, ಈ ವರ್ಷಕ್ಕೆ ಅನುಮತಿ ಇದೆಯಾ, ವಿದ್ಯಾರ್ಥಿಗಳನ್ನ ಯಾವ ಆಸ್ಪತ್ರೆಗೆ ಕಳಿಸ್ತಾರೆ ಅಂತ ಕೇಳಿ. ಹಾಜರಾತಿ ಬೇಡ ಅನ್ನೋ ಕಾಲೇಜಿನ ಮೆಟ್ಟಿಲು ಹತ್ತಬೇಡಿ.

ವೀಕ್ಷಕರಾದ ನಮಗೂ ಒಂದು ಕೆಲಸ ಇದೆ. ಮನೆಯವರನ್ನ ಆಸ್ಪತ್ರೆಗೆ ಸೇರಿಸಿದಾಗ ರಾತ್ರಿ ಪಾಳಿಯಲ್ಲಿ ಎಷ್ಟು ಜನ ರಿಜಿಸ್ಟರ್ಡ್ ನರ್ಸ್ ಇರ್ತಾರೆ ಅಂತ ಆಡಳಿತದವರನ್ನ ಕೇಳಿ. ಸಿಸ್ಟರ್‌ನ ಕೇಳಿ ಅವಮಾನ ಮಾಡಬೇಡಿ. ಕಡಿಮೆ ಸಂಬಳಕ್ಕೆ ಎಎನ್‌ಎಂ ಇಟ್ಟುಕೊಂಡು ಸ್ಟಾಫ್ ನರ್ಸ್ ಕೆಲಸ ಮಾಡಿಸೋದು ಆಕೆಯ ತಪ್ಪಲ್ಲ. ಹೊಣೆ ಹೊರಬೇಕಾದವರು ಬಿಲ್ ಕೊಡುವವರು.

ನಮ್ಮ ಸಿಸ್ಟರ್ ಈಗ ಜಿಎನ್‌ಎಂ ಸೇರಿದ್ದಾರೆ. ವಾರಕ್ಕೆ ಮೂರು ರಾತ್ರಿ ಡ್ಯೂಟಿ ಉಳಿಸಿಕೊಂಡಿದ್ದಾರೆ. ಸಂಜೆ ಹೊತ್ತು ಮಗಳು ನಮ್ಮ ಮನೆಯಲ್ಲಿ ಅಮ್ಮನ ಜೊತೆ ಹೋಂವರ್ಕ್ ಮಾಡ್ತಾಳೆ. ಮೊದಲ ವಾರ ಲ್ಯಾಬ್‌ನಲ್ಲಿ ಬಿಪಿ ನೋಡೋದು ಹೇಗೆ ಅಂತ ಪಾಠವಂತೆ. ಹತ್ತು ವರ್ಷ ದಿನಾ ಬಿಪಿ ನೋಡಿದವರು ಹುಡುಗಿಯರ ಸಾಲಿನಲ್ಲಿ ನಿಂತು ಕಲಿತರು. "ಬ್ಯಾಸರ ಆಗಲಿಲ್ವಾ?" ಅಂದೆ. "ನೋಡೂದು ಗೊತ್ತಿತ್ರಿ. ಆ ಡಬ್ ಡಬ್ ಸಪ್ಪಳ ಯಾಕ ಬರತೈತಿ ಅಂತ ಅವತ್ತ ಗೊತ್ತಾತು" ಅಂತ ನಕ್ಕರು.

ಕಳೆದ ಮೇ 12ರಂದು ನಾನು ಹೇಳಿದ ಮಾತನ್ನ ವಾಪಸ್ ತಗೋತೀನಿ. ನರ್ಸ್‌ಗಳೆಲ್ಲ ಒಂದೇ ಅಲ್ಲ. ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ ಹತ್ತಬೇಕು ಅನ್ನೋರಿಗೆ ನಾವು ಏನು ಕೊಟ್ಟಿದ್ದೀವಿ ಅಂತ ಮುಂದಿನ ಮೇ 12ರಂದು ಮತ್ತೆ ಕೇಳ್ತೀನಿ. ಅಲ್ಲಿವರೆಗೂ ಬರೀ ಸಲಾಂ ಹೇಳಿ ಬುಲೆಟಿನ್ ಮುಗಿಸಲ್ಲ.